ಸಾರಣೆ-ಕಾರಣೆ: ಅಥಣಿ, ಚಿಕ್ಕೋಡಿ ಸೀಮೆಯ ಗೋಡೆಗಳ ಪೂರ್ವಸಂಸ್ಕಾರ

ಕನ್ನಡದಲ್ಲಿ ‘ಸಾರಣೆ ಕಾರಣೆ’ ಎಂಬುದೊಂದು ಹಳೆಯ ಜೋಡುನುಡಿ. ಸಾರಣೆಯೆಂದರೆ ನೆಲವನ್ನೂ ಗೋಡೆಯನ್ನೂ ಸಗಣಿ ಮಣ್ಣುಗಳಿಂದ ಬಳಿದು ಸಮಗೊಳಿಸುವುದು. ಕಾರಣೆಯೆಂದರೆ ಹಾಗೆ ಸಿದ್ಧವಾದ ಮೈಯ ಮೇಲೆ ಸುಣ್ಣ ಕೆಮ್ಮಣ್ಣುಗಳಿಂದ ಪಟ್ಟೆಗಳನ್ನೆಳೆಯುವುದು. ‘ಸುಣ್ಣಬಣ್ಣ’ ಎಂಬ ಇನ್ನೊಂದು ಜೋಡುನುಡಿಯಲ್ಲಿಯೂ ಕ್ರಮ ಇದೇ ಆಗಿದೆ. ಸಂಸ್ಕೃತದ ‘ಚೂರ್ಣ’ವು ತದ್ಭವವಾಗಿ ಸುಣ್ಣವೆನಿಸಿತು, ‘ವರ್ಣ’ವು ಬಣ್ಣವೆನಿಸಿತು. ಎರಡು ನುಡಿಗಳಲ್ಲಿಯೂ ಹದಗೊಳಿಸುವ ಕೆಲಸ ಮೊದಲು, ಅಲಂಕಾರ ಅನಂತರ. ಜನರ ಬಾಯಲ್ಲಿ ಇಷ್ಟು ಸ್ಪಷ್ಟವಾಗಿ ನಿಂತಿರುವ ಈ ಕ್ರಮವು ನಮ್ಮ ಕಲೆಯ ಇತಿಹಾಸಗಳಲ್ಲಿ ಮಾತ್ರ ಅಷ್ಟಾಗಿ ಕಾಣುವುದಿಲ್ಲ. ಚಿತ್ರವನ್ನು ವರ್ಣಿಸುವವರು ಚಿತ್ರದ ಕೆಳಗಿರುವುದನ್ನು ಒಂದೆರಡು ವಾಕ್ಯಗಳಲ್ಲಿ ಮುಗಿಸುತ್ತಾರೆ. ಆದರೆ ಚಿತ್ರವಾಗಲಿ, ಬರಿಯ ಬಣ್ಣವಾಗಲಿ ಉಳಿಯುವುದು ಅಳಿಯುವುದು ಆ ಕೆಳಗಿನ ಪದರವನ್ನು ಅವಲಂಬಿಸಿದೆ. ಬೆಳಗಾವಿ ಜಿಲ್ಲೆಯ ಉತ್ತರದಂಚಿನ ಅಥಣಿ, ಕಾಗವಾಡ, ರಾಯಬಾಗ, ಚಿಕ್ಕೋಡಿ, ನಿಪ್ಪಾಣಿ ಸೀಮೆಯಲ್ಲಿ ಮನೆಯ ಗೋಡೆ, ಬಾಗಿಲು, ಕಂಬಗಳನ್ನು ಬಣ್ಣಕ್ಕೆ ಅಣಿಗೊಳಿಸುತ್ತಿದ್ದ ಬಗೆಯನ್ನು ಪರಿಶೀಲಿಸಿದರೆ ಈ ಮಾತು ಮನದಟ್ಟಾಗುತ್ತದೆ.

ಈ ಐದು ತಾಲೂಕುಗಳಲ್ಲಿ ಕಾಗವಾಡ, ನಿಪ್ಪಾಣಿಗಳು ಪ್ರತ್ಯೇಕ ತಾಲೂಕುಗಳೆಂದು ಘೋಷಿತವಾದುದು 2017ರಲ್ಲಿ. ಅದುವರೆಗೆ ಕಾಗವಾಡ ಅಥಣಿಗೂ ನಿಪ್ಪಾಣಿ ಚಿಕ್ಕೋಡಿಗೂ ಸೇರಿದ್ದವು. ರಾಯಬಾಗವು 1949ರವರೆಗೆ ಕೊಲ್ಲಾಪುರ ಸಂಸ್ಥಾನದ ಆಳ್ವಿಕೆಯಲ್ಲಿತ್ತು. ಅಥಣಿ, ಚಿಕ್ಕೋಡಿಗಳು ಮುಂಬಯಿ ಇಲಾಖೆಯ ಬ್ರಿಟಿಷ್ ಆಡಳಿತಕ್ಕೆ ಒಳಪಟ್ಟಿದ್ದವು. ಆಳಿಕೆಯ ಈ ಗೆರೆಗಳಿಗಿಂತ ಗೋಡೆಗಳ ವಿಷಯದಲ್ಲಿ ಹೆಚ್ಚು ಮುಖ್ಯವಾದುದು ಮಳೆಯ ಗೆರೆ. ಸಹ್ಯಾದ್ರಿಗೆ ಸಮೀಪವಾದ ನಿಪ್ಪಾಣಿಯ ಕಡೆ ಮಳೆ ಹೆಚ್ಚು. ಅಲ್ಲಿ ಇಳಿಜಾರಾದ ಹೆಂಚಿನ ಮಾಡು. ಪೂರ್ವಕ್ಕೆ ಸರಿದಂತೆ ಮಳೆ ಕುಗ್ಗಿ, ಅಥಣಿಯ ಕಡೆಗೆ ಬಂದಾಗ ಮಣ್ಣು ಹೇರಿದ ಚಪ್ಪಟೆ ಮಾಳಿಗೆಯ ಮನೆಗಳು ಕಾಣಸಿಗುತ್ತವೆ. ಹೆಂಚಿನ ಸೂರು ಗೋಡೆಯಿಂದ ಹೊರಚಾಚಿ ಗೋಡೆಯನ್ನು ಕಾಯುತ್ತದೆ. ಮಾಳಿಗೆಯ ಮನೆಯ ಗೋಡೆಗೆ ಅಂತಹ ಕೊಡೆಯಿಲ್ಲ; ಮೈಗೆ ಬಳಿದುಕೊಂಡ ಲೇಪವೇ ಅದರ ಕೊಡೆ. ಆದುದರಿಂದ ಲೇಪದ ವಿದ್ಯೆಯು ಅಥಣಿಯ ಕಡೆ ಅಲಂಕಾರಕ್ಕಿಂತ ಮೊದಲು ರಕ್ಷಣೆಯ ವಿದ್ಯೆಯಾಗಿತ್ತು.

ಮಣ್ಣಿನ ಗೋಡೆಯ ಸಂಸ್ಕಾರವನ್ನು ಮೊದಲು ನೋಡೋಣ. ಕೃಷ್ಣೆಯ ದಡದ ಹೊಲಗಳಲ್ಲಿ ಎರೆಮಣ್ಣು ಯಥೇಚ್ಛವಾಗಿದ್ದರೂ ಅದೊಂದನ್ನೇ ಗೋಡೆಗೆ ಬಳಿಯುವಂತಿಲ್ಲ. ಎರೆಯು ನೀರು ಕುಡಿದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಅಂಗೈಯಗಲದ ಬಿರುಕುಗಳನ್ನು ಬಿಡುತ್ತದೆ. ಬೇಸಗೆಯ ಹೊಲವನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಗೋಡೆಗೆ ಬೇಕಾದುದು ಅಷ್ಟಾಗಿ ಉಬ್ಬದ ಬಿಳಿಮಣ್ಣು. ಹಳೆಯ ಊರುಗಳ ನೆಲೆಗಳಿಂದ, ಬಿದ್ದ ಮನೆಗಳ ದಿಬ್ಬಗಳಿಂದ ಇದನ್ನು ಅಗೆದು ತರುತ್ತಿದ್ದರು. ಅದಕ್ಕೆ ಹಳ್ಳದ ಮರಳು, ಕಣದ ಹೊಟ್ಟು, ಸಗಣಿ ಸೇರಿಸಿ, ತಗ್ಗು ತೋಡಿ ನೀರು ಬಿಟ್ಟು ಕೆಲವು ದಿನ ಕೊಳೆಯಲು ಬಿಡುವರು; ದಿನಕ್ಕೊಮ್ಮೆ ಕಾಲಿನಿಂದ ತುಳಿಯುವರು. ಹೊಟ್ಟು ಕೊಳೆತು ಅಂಟಾಗಬೇಕು, ಆದರೆ ಅದರ ಎಳೆಗಳು ಪೂರ್ತಿ ಕರಗಬಾರದು. ಆ ಎಳೆಗಳೇ ಒಣಗುವ ಮಣ್ಣನ್ನು ಹಿಡಿದು ನಿಲ್ಲಿಸಿ ಬಿರುಕನ್ನು ತಡೆಯುತ್ತವೆ. ಮೊದಲ ಮೆತ್ತಿಗೆ ಒರಟು, ಎರಡನೆಯದು ಜರಡಿ ಹಿಡಿದ ಮಣ್ಣಿನದು, ಕೊನೆಯದು ಸಗಣಿ ಬಗ್ಗಡದ ತೆಳುವಾದ ಸಾರಣೆ. ಒಂದು ಪದರ ಆರದೆ ಇನ್ನೊಂದನ್ನು ಹಚ್ಚುವಂತಿಲ್ಲ.

ಇದನ್ನು ಹಳ್ಳಿಗಾಡಿನ ಒರಟು ಪದ್ಧತಿಯೆಂದು ಎಣಿಸುವವರು ಅಜಂತೆಯ ಗುಹೆಗಳ ಗೋಡೆಗಳನ್ನು ಪರೀಕ್ಷಿಸಿದ ವಿದ್ವಾಂಸರು ಹೇಳಿರುವುದನ್ನು ಗಮನಿಸಬೇಕು. ಅಲ್ಲಿಯ ಲೋಕವಿಖ್ಯಾತ ಚಿತ್ರಗಳ ಕೆಳಗಿರುವುದು ಮಣ್ಣು, ಮರಳು, ಭತ್ತದ ಹೊಟ್ಟು, ಸಸ್ಯದ ನಾರುಗಳ ಲೇಪ. ಅದರ ಮೇಲೆ ಸುಣ್ಣದ ತೆಳುಪದರ. ಅದರ ಮೇಲೆ ವರ್ಣ. ಎಲ್ಲೋರದ ಮಣ್ಣಿನ ಗಾರೆಯಲ್ಲಿ ಗಾಂಜಾ ಗಿಡದ ನಾರನ್ನು ಬೆರೆಸಿರುವುದು 2016ರಲ್ಲಿ ಪ್ರಕಟವಾದ ಪರಿಶೀಲನೆಯಿಂದ ತಿಳಿದುಬಂದಿದೆ. ಭತ್ತದ ಹೊಟ್ಟಿನ ಬದಲು ಅಥಣಿಯ ಒಕ್ಕಲಿಗನು ತನ್ನ ಕಣದಲ್ಲಿ ದೊರೆತ ಹೊಟ್ಟನ್ನು ಹಾಕಿದನೆಂಬುದನ್ನು ಬಿಟ್ಟರೆ ವಿಧಾನದಲ್ಲಿ ಹೇಳಿಕೊಳ್ಳುವಂತಹ ಅಂತರವಿಲ್ಲ. ಬಾದಾಮಿಯ ಮೂರನೆಯ ಗುಹೆಯ (ಕ್ರಿ.ಶ. 578) ವರ್ಣಚಿತ್ರಗಳು ಮರಳುಗಲ್ಲಿನ ಮೇಲಿನ ತೆಳುವಾದ ಲೇಪದ ಮೇಲೆ ರಚಿತವಾಗಿದ್ದವು, ಲೇಪ ಉದುರಿದೆಡೆಯಲ್ಲೆಲ್ಲ ಅವೂ ಹೋದುವು.

ಮನೆಯೊಳಗಿನ ಸಾರಣೆ ಹೆಂಗಸರ ಕೆಲಸ. ಮಳೆಗಾಲ ಮುಗಿದು ಮಹಾನವಮಿ ಬರುವ ಮೊದಲು ಇಡೀ ಮನೆಯನ್ನು ಬಳಿದು ತೆಗೆಯುವ ವಾಡಿಕೆಯನ್ನು ಧಾರ್ಮಿಕ ಆಚರಣೆಯೆಂದಷ್ಟೇ ತಿಳಿಯಬಾರದು. ಮಳೆಯಲ್ಲಿ ನೆನೆದು ಸಡಿಲವಾದ ಮಣ್ಣನ್ನು ಮತ್ತೆ ಬಿಗಿಗೊಳಿಸಲು, ಚಳಿಗಾಲದ ಒಣ ಹವೆಯಲ್ಲಿ ನಿಧಾನವಾಗಿ ಆರಲು ಬಿಡಲು ಅದೇ ತಕ್ಕ ಕಾಲ. ಕಡುಬೇಸಗೆಯಲ್ಲಿ ಬಳಿದರೆ ಮೇಲ್ಪದರ ಬೇಗ ಒಣಗಿ ಒಳಪದರ ಹಸಿಯಾಗಿಯೇ ಉಳಿದು ಸಿಪ್ಪೆಯೇಳುತ್ತದೆ. ಅಡಿಗೆಮನೆಯ ರೀತಿಯೇ ಬೇರೆ. ಹೊಗೆ ಜಿಡ್ಡುಗಳು ಕೂತ ಗೋಡೆಗೆ ನೇರವಾಗಿ ಸುಣ್ಣ ಹಚ್ಚಿದರೆ ಒಂದೆರಡು ದಿನಗಳಲ್ಲಿ ಕಂದು ಕಲೆ ಮೇಲೆದ್ದು ಬರುತ್ತದೆ. ಆದುದರಿಂದ ಅಲ್ಲಿ ಮಸಿಯನ್ನು ಕೆರೆದು, ಮಣ್ಣು-ಸಗಣಿಯ ಪದರವೊಂದನ್ನು ನಡುವೆ ಕೊಟ್ಟು, ಆಮೇಲೆ ಸುಣ್ಣ ಕಾಣಿಸುವರು. ಗೋಡೆಯ ಬುಡದಲ್ಲಿ ಮೊಳದೆತ್ತರ ಕೆಮ್ಮಣ್ಣಿನ ಪಟ್ಟಿ ಎಳೆಯುವುದು ನೋಟಕ್ಕೆ ಚೆಲುವೆಂಬುದು ನಿಜ. ನೆಲ ಸಾರಿಸುವಾಗ ಸಿಡಿಯುವ ಬಗ್ಗಡವನ್ನು ಮರೆಸುವುದು, ಬೇಗ ಸವೆಯುವ ಭಾಗವನ್ನು ಪ್ರತ್ಯೇಕವಾಗಿ ಹೊಸದಾಗಿಸಲು ಅನುಕೂಲ ಮಾಡುವುದು ಅದರ ಇನ್ನೊಂದು ಪ್ರಯೋಜನ. ಶಿವಭಕ್ತರ ಮನೆಯಂಗಳವನ್ನು ಗುಡಿಸುವುದನ್ನೇ ಕಾಯಕವಾಗಿ ಮಾಡಿಕೊಂಡಿದ್ದಳೆಂದು ಪರಂಪರೆಯು ಹೇಳುವ ಸತ್ಯಕ್ಕನು ಶರಣರ ಗೋಷ್ಠಿಯಲ್ಲಿ ಸ್ಥಾನ ಪಡೆದಳು. ಮನೆಯ ಗೋಡೆಯನ್ನು ವರುಷ ವರುಷವೂ ಬಳಿದು ನಿಲ್ಲಿಸಿದ ಹೆಂಗಸರ ಕೆಲಸಕ್ಕೆ ಕಟ್ಟಡಗಳ ಚರಿತ್ರೆಯಲ್ಲಿ ಒಂದು ಸಾಲೂ ದೊರೆತಿಲ್ಲ.

ಮಣ್ಣಿನಿಂದ ಸುಣ್ಣಕ್ಕೆ ಬಂದರೆ ಕುಶಲಕರ್ಮಿಗಳ ಪ್ರಪಂಚ ತೆರೆಯುತ್ತದೆ. ಈ ಸೀಮೆಯ ಬಹುಭಾಗದ ಬಂಡೆ ಕಪ್ಪು ಕಲ್ಲು. ಅದರಲ್ಲಿ ಸುಣ್ಣದ ಗಣಿಗಳಿಲ್ಲ. ಆದರೆ ಎರೆಭೂಮಿಯಲ್ಲಿಯೂ ಹಳ್ಳಗಳ ದಡದಲ್ಲಿಯೂ ಗಂಟುಗಂಟಾದ ಸುಣ್ಣದ ಹರಳು ದೊರೆಯುತ್ತದೆ. ಇದನ್ನು ಆರಿಸಿ ತಂದು ಭಟ್ಟಿಯಲ್ಲಿ ಇದ್ದಿಲಿನೊಡನೆ ಪದರಪದರವಾಗಿ ಒಟ್ಟಿ ಸುಡುತ್ತಿದ್ದರು. ಸುಣಗಾರರೆಂಬ ಹೆಸರೇ ಈ ವೃತ್ತಿಯನ್ನು ಸಾರುತ್ತದೆ. ಶುದ್ಧವಾದ ಸುಣ್ಣಗಲ್ಲು ಸುಟ್ಟಾಗ ತನ್ನ ತೂಕದಲ್ಲಿ ನೂರಕ್ಕೆ 44ರಷ್ಟನ್ನು ಕಳೆದುಕೊಳ್ಳುತ್ತದೆ. ಹೊರಟುಹೋಗುವುದು ಇಂಗಾಲಾಮ್ಲ ವಾಯು. ಸುಟ್ಟ ಹರಳಿಗೆ ನೀರು ಹಾಕಿದಾಗ ಕುದಿದು ಅರಳುತ್ತದೆ. ಗೋಡೆಗೆ ಹಚ್ಚಿದ ಮೇಲೆ ಕಳೆದುಕೊಂಡ ವಾಯುವನ್ನೇ ಗಾಳಿಯಿಂದ ಮೆಲ್ಲಮೆಲ್ಲನೆ ಮರಳಿ ಹೀರಿ ಮತ್ತೆ ಕಲ್ಲಾಗುತ್ತದೆ. ಸುಣ್ಣದ ಕೆಲಸವೆಲ್ಲವೂ ಕಾಯುವಿಕೆಯ ಕೆಲಸವಾದುದಕ್ಕೆ ಇದೇ ಕಾರಣ.

ಹೊಲದ ಹರಳಿನಲ್ಲಿ ಜೇಡಿಯ ಅಂಶ ಬೆರೆತಿರುವುದರಿಂದ ಅದರ ಸುಣ್ಣ ಬೂದುಬಣ್ಣದ್ದು. ಆದರೆ ತೇವದಲ್ಲಿಯೂ ಗಟ್ಟಿಯಾಗುವ ಗುಣ ಅದಕ್ಕುಂಟು. ಆದುದರಿಂದ ಕಟ್ಟುವುದಕ್ಕೆ, ಒಳಪದರಕ್ಕೆ ಅದು ಶ್ರೇಷ್ಠ. ಮೇಲಿನ ಬಿಳುಪಿಗೆ ಬೇಕಾದುದು ಶುದ್ಧ ಸುಣ್ಣಗಲ್ಲಿನ ಅಥವಾ ಚಿಪ್ಪಿನ ಸುಣ್ಣ. ಹಳೆಯ ಗೌಂಡಿಗಳು ಈ ಎರಡನ್ನೂ ಬೇರೆಬೇರೆಯಾಗಿ ಬಲ್ಲವರಾಗಿದ್ದರು. (ನಿಪ್ಪಾಣಿಯ ತಂಬಾಕಿನ ಸೀಮೆಯಲ್ಲಿ ಬಿಳಿಸುಣ್ಣಕ್ಕಿರುವ ಮೂರನೆಯ ಉಪಯೋಗವನ್ನು ಇಲ್ಲಿ ಹೇಳಬೇಕಾದುದಿಲ್ಲ.) ಅರಳಿದ ಸುಣ್ಣವನ್ನು ಮರಳಿನೊಡನೆ ಗಾಣಕ್ಕೆ ಹಾಕಿ ಅರೆಯುವರು. ದುಂಡಗಿನ ಕಲ್ಲಿನ ಕಾಲುವೆಯಲ್ಲಿ ಎತ್ತುಗಳು ಎಳೆಯುವ ಕಲ್ಲಿನ ಗಾಲಿ ಸುತ್ತುತ್ತಿದ್ದಂತೆ ಗಾರೆ ಬೆಣ್ಣೆಯಂತಾಗುತ್ತದೆ. ಅದಕ್ಕೆ ಬೆಲ್ಲದ ನೀರು, ಅಳಲೆಕಾಯಿಯ ಕಷಾಯ ಬೆರೆಸುವ ಪದ್ಧತಿ ದಖ್ಖನದಲ್ಲೆಲ್ಲ ಇತ್ತು. ಇವು ಗಾರೆಯನ್ನು ಕರಣೆಯ ಕೆಳಗೆ ಸುಲಭವಾಗಿ ಹರಡುವಂತೆ ಮಾಡಿ, ಬಿರುಕನ್ನು ಕಡಮೆ ಮಾಡುತ್ತವೆ. ಕಪ್ಪು ಕಲ್ಲಿನ ನುಣುಪು ಮೈ ಸುಣ್ಣವನ್ನು ಹಿಡಿಯದು; ಆದುದರಿಂದ ಗಾರೆಗೆ ಮುನ್ನ ಕಲ್ಲಿಗೆ ಉಳಿಯಿಂದ ಕಚ್ಚು ಹಾಕಿ, ನೀರು ಕುಡಿಸಿ, ಅನಂತರ ಮೆತ್ತುವರು. ಇಟ್ಟಿಗೆಯ ಗೋಡೆಯಾದರೆ ಸಂದುಗಳನ್ನು ಅರ್ಧ ಬೆರಳಿನಷ್ಟು ಕೆದಕಿ ಬಿಡುವರು. ಕೊನೆಯ ನಯಪದರವನ್ನು ನುಣುಪಾದ ಕಲ್ಲಿನಿಂದ ಉಜ್ಜಿ ಹೊಳಪು ಬರಿಸುವರು. ಇಷ್ಟಾದ ಮೇಲೆ ಬಣ್ಣದ ಮಾತು.

ಹೀಗೆ ಅರೆದ ಸುಣ್ಣಕ್ಕೆ ಉತ್ತರ ಕರ್ನಾಟಕದಲ್ಲಿ ‘ಗಚ್ಚು’ ಎಂದು ಹೆಸರು. ಇದು ಪಾರಸಿಯ ‘ಗಚ್’ ಎಂಬ ಶಬ್ದದಿಂದ ಬಂದುದು. ಮರಾಠಿಯಲ್ಲಿ ಮಾಳಿಗೆಯ ಬಯಲಿಗೆ ‘ಗಚ್ಚಿ’ ಎನ್ನುವುದೂ ಇದರಿಂದಲೇ. ಬಹಮನಿ, ಆದಿಲಶಾಹಿ ಕಾಲದ ಕಟ್ಟಡಗಳಲ್ಲಿ ಗಾರೆಯ ಕೆಲಸ ಬಹಳ ಬೆಳೆದುದರಿಂದ ಶಬ್ದವೂ ಅದರೊಡನೆ ಊರೂರಿಗೆ ಹರಡಿರಬೇಕು. ವಸ್ತು ಮಾತ್ರ ಅದಕ್ಕಿಂತ ಬಹು ಪ್ರಾಚೀನವಾದುದು. ಅಥಣಿಯಲ್ಲಿ ಶ್ರೀ ಮುರುಘೇಂದ್ರ ಶಿವಯೋಗಿಗಳ (1836–1921) ತಪೋಭೂಮಿಯೆಂದು ಪ್ರಸಿದ್ಧವಾದ ಮಠದ ಹೆಸರು ಗಚ್ಚಿನಮಠ. ಕಿತ್ತೂರಿನಲ್ಲಿ ಕಲ್ಮಠವಿದೆ, ಅಲ್ಲಿ ಕಲ್ಲು ಮಠದ ಹೆಸರಾದಂತೆ ಇಲ್ಲಿ ಗಚ್ಚು ಹೆಸರಾಯಿತು. ಮಣ್ಣಿನ ಮಾಳಿಗೆಗಳ ಊರಿನಲ್ಲಿ ಗಚ್ಚಿನಿಂದ ನಿರ್ಮಿತವಾದ ಕಟ್ಟಡವು ಎದ್ದು ಕಾಣುವಂತಹುದಾಗಿದ್ದುದರಿಂದಲೇ ಜನರು ಅದನ್ನು ಹಾಗೆ ಕರೆದರೆಂದು ಊಹಿಸಬಹುದಾಗಿದೆ. ಶಿವಯೋಗಿಗಳ ನಿರಾಡಂಬರ ಜೀವನವನ್ನು ನೆನೆವ ಭಕ್ತರು ಆ ಹೆಸರನ್ನು ದಿನವೂ ಉಚ್ಚರಿಸುತ್ತಾರೆ. ಅದು ಗೋಡೆಯ ಲೇಪವೊಂದರ ಹೆಸರೆಂಬುದನ್ನು ಮಾತ್ರ ಅನೇಕರು ಮರೆತಿದ್ದಾರೆ.

ಲೇಪಕ್ರಮವನ್ನು ಶಾಸ್ತ್ರವಾಗಿ ಬರೆದಿಟ್ಟವರಲ್ಲಿ ಕನ್ನಡನಾಡಿನ ಅರಸನೊಬ್ಬನು ಅಗ್ರಗಣ್ಯನಾಗಿದ್ದಾನೆ. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ವು (‘ಅಭಿಲಷಿತಾರ್ಥ ಚಿಂತಾಮಣಿ’ ಎಂಬುದು ಅದರ ಇನ್ನೊಂದು ಹೆಸರು) ಸುಮಾರು 1130ರಲ್ಲಿ ರಚಿತವಾಯಿತು. ಅದರಲ್ಲಿ ಚಿತ್ರವಿದ್ಯೆಯ ವಿಚಾರ ಬರುವುದು ಅರಸನ ಮನೆಯ ಸುಖವನ್ನು ವಿವರಿಸುವ ಸಂದರ್ಭದಲ್ಲಿ ಎಂಬುದು ಗಮನಾರ್ಹ. ಗೋಡೆಯ ಮೇಲೆ ಮೊದಲು ಸುಣ್ಣದ ಗಾರೆಯನ್ನು ತಗ್ಗುದಿಣ್ಣೆಗಳಿಲ್ಲದಂತೆ ಬಳಿದು ನುಣುಪುಗೊಳಿಸಬೇಕೆಂದು ಹೇಳಿ, ಸೋಮೇಶ್ವರನು ವಜ್ರಲೇಪದ ಪಾಕವನ್ನು ವಿವರಿಸುತ್ತಾನೆ. ಎಮ್ಮೆಯ ತೊಗಲನ್ನು ಬೆಣ್ಣೆಯಷ್ಟು ಮೆತ್ತಗಾಗುವವರೆಗೆ ನೀರಿನಲ್ಲಿ ಬೇಯಿಸಿ, ಕಡ್ಡಿಗಳಾಗಿ ಮಾಡಿ ಬಿಸಿಲಿಗೆ ಒಣಗಿಸಿಡಬೇಕು. ಬೇಕಾದಾಗ ಬಿಸಿನೀರಿನಲ್ಲಿ ಕರಗಿಸಿಕೊಳ್ಳಬೇಕು. ಇದನ್ನು ಬಿಳಿಮಣ್ಣಿನೊಡನೆ ಕಲಸಿ ಒಣಗಿದ ಗೋಡೆಗೆ ಮೂರು ಸಲ ಬಳಿಯಬೇಕು. ಅನಂತರ ಶಂಖದ ಪುಡಿಯನ್ನು ಅದೇ ಅಂಟಿನೊಡನೆ ಸೇರಿಸಿ ಹಚ್ಚಿ, ಕೊನೆಗೆ ನೀಲಗಿರಿಯಲ್ಲಿ ದೊರೆಯುವ ಬಿಳಿಯ ಧಾತುವೊಂದನ್ನು ಅರೆದು ಕೈಯಿಂದ ಮೆಲ್ಲನೆ ಸವರಬೇಕು. ಚಿತ್ರಗಾರನು ಗೆರೆಯೆಳೆಯಲು ತೊಡಗುವುದು ಆ ಮೇಲೆ.

ಈ ಕ್ರಮವು ಪದರಪದರವಾಗಿರುವುದನ್ನು ಅಥಣಿಯ ಮಣ್ಣಿನ ಗೋಡೆಯ ಕ್ರಮದೊಡನೆ ಹೋಲಿಸಬೇಕು. ದ್ರವ್ಯಗಳು ಬೇರೆಯಾದರೂ ತರ್ಕ ಒಂದೇ: ಒಳಗೆ ಒರಟು, ಹೊರಗೆ ನಯ, ಪ್ರತಿಪದರವೂ ತನ್ನ ಕೆಳಗಿನದರ ಕುಂದನ್ನು ತುಂಬಬೇಕು, ಮೇಲಿನದಕ್ಕೆ ಹಿಡಿತ ಕೊಡಬೇಕು. ಸೋಮೇಶ್ವರನ ಗ್ರಂಥ ರಚಿತವಾಗಿ ಒಂದು ತಲೆಮಾರಿನೊಳಗೆ ಅದೇ ಕಲ್ಯಾಣವು ಬಸವಾದಿ ಪ್ರಮಥರ ನೆಲೆಯಾಯಿತು. ಭಿತ್ತಿ ಚಿತ್ತಾರಗಳ ಸಂಬಂಧವು ವಚನಸಾಹಿತ್ಯದಲ್ಲಿ ತತ್ತ್ವದ ಉಪಮೆಯಾಗಿ ಬರುವುದನ್ನು ಬಲ್ಲ ವಿದ್ಯಾರ್ಥಿಗಳು ಆ ಉಪಮೆಯ ಹಿಂದೆ ಇಂತಹ ಪ್ರತ್ಯಕ್ಷ ಕುಶಲವಿದ್ಯೆಯೊಂದು ಊರಲ್ಲಿ ಜೀವಂತವಾಗಿತ್ತೆಂಬುದನ್ನು ಮನಸ್ಸಿನಲ್ಲಿಡಬೇಕು. ಮುಂದೆ ಕೆಳದಿಯ ವೀರಶೈವ ಅರಸು ಬಸವಪ್ಪನಾಯಕನು 1709ರಲ್ಲಿ ರಚಿಸಿದ ‘ಶಿವತತ್ತ್ವ ರತ್ನಾಕರ’ವೆಂಬ ಸಂಸ್ಕೃತ ವಿಶ್ವಕೋಶದಲ್ಲಿಯೂ ಚಿತ್ರವಿದ್ಯೆಗೆ ಸ್ಥಾನ ದೊರೆತಿದೆ.

‘ವಜ್ರ’ವೆಂಬ ಹೆಸರು ಶಾಸ್ತ್ರದಲ್ಲಿಯೇ ಉಳಿಯಲಿಲ್ಲ. ಬಡಿಗರು ಹಲಗೆಗಳನ್ನು ಜೋಡಿಸಲು ಬಳಸುತ್ತಿದ್ದ ತೊಗಲಿನ ಅಂಟಿಗೆ ಕನ್ನಡದಲ್ಲಿ ‘ಮರವಜ್ರ’ವೆಂದೇ ಹೆಸರು, ಮರಾಠಿಯಲ್ಲಿ ಅದು ‘ಸರಸ’. ಮರದ ಮೈಯನ್ನು ಬಣ್ಣಕ್ಕೆ ಅಣಿಗೊಳಿಸುವುದರಲ್ಲಿ ಕೊಪ್ಪಳದ ಬಳಿಯ ಕಿನ್ನಾಳದ ಚಿತ್ರಗಾರರು ಇಂದಿಗೂ ಹೆಸರಾಗಿದ್ದಾರೆ. ಅವರು ಮರದ ಸಂದುಗಳಿಗೆ ಬಟ್ಟೆಯ ತುಂಡನ್ನು ಹುಣಸೆಬೀಜದ ಅಂಟಿನಿಂದ ಹಚ್ಚಿ, ಮರದ ಹೊಟ್ಟು ಅಂಟುಗಳನ್ನು ಕಲಸಿದ ‘ಕಿಟ್ಟ’ದಿಂದ ತಗ್ಗುಗಳನ್ನು ತುಂಬಿ, ಬಿಳಿಯ ಪದರ ಕೊಟ್ಟು, ಆಮೇಲೆ ಬಣ್ಣ ಹಾಕುತ್ತಾರೆ. ಇಲ್ಲಿ ತೊಗಲಿನ ಅಂಟಿನ ಸ್ಥಾನಕ್ಕೆ ಬೀಜದ ಅಂಟು ಬಂದಿರುವುದನ್ನು ಗಮನಿಸಬೇಕು.

ಮನೆಯ ಬಾಗಿಲು ಚೌಕಟ್ಟುಗಳಿಗೆ ಇಷ್ಟು ಸಂಸ್ಕಾರವಿರಲಿಲ್ಲ. ಸಾಗವಾನಿಯ ಕಂಬ ತೊಲೆಗಳಿಗೆ ಬಣ್ಣವನ್ನೇ ಹಚ್ಚುತ್ತಿರಲಿಲ್ಲ. ಹಬ್ಬದ ಮುಂದೆ ತೊಳೆದು, ಒಣಗಿಸಿ, ಎಣ್ಣೆ ಕುಡಿಸುವುದಷ್ಟೇ ರೂಢಿ. ಅಗಸೆಯ ಎಣ್ಣೆ ಇದಕ್ಕೆ ಉತ್ತಮ. ಬೇರೆ ಎಣ್ಣೆಗಳು ಜಿಡ್ಡಾಗಿಯೇ ಉಳಿದರೆ ಅಗಸೆಯ ಎಣ್ಣೆಯು ಗಾಳಿಯೊಡನೆ ಕೂಡಿ ಗಟ್ಟಿಯಾದ ತೆಳುಪೊರೆಯಾಗುತ್ತದೆ. ಕಾರ್ಖಾನೆಯ ಎಣ್ಣೆಬಣ್ಣಕ್ಕೂ ಮೂಲದಲ್ಲಿ ಇದೇ ಎಣ್ಣೆ ಆಧಾರವಾಗಿತ್ತು. ಹೊಸ ಮರಕ್ಕೆ ಬಣ್ಣ ಹಾಕುವಾಗ ಗಂಟುಗಳಿಂದ ಒಸರುವ ರಾಳವನ್ನು ಅರಗಿನ ದ್ರವದಿಂದ ಮುಚ್ಚಿ, ಉಜ್ಜುಕಾಗದದಿಂದ ಎಳೆಯ ಗುಂಟ ಉಜ್ಜಿ, ತೆಳುವಾದ ಮೊದಲ ಕೈ ಕೊಟ್ಟು, ಆಮೇಲೆ ಪುಟ್ಟಿಯಿಂದ ತೂತುಗಳನ್ನು ತುಂಬಬೇಕ��. ಬರಿಯ ಮರಕ್ಕೆ ಮೊದಲೇ ಪುಟ್ಟಿ ಹಚ್ಚಿದರೆ ಮರವು ಅದರ ಎಣ್ಣೆಯನ್ನು ಕುಡಿದುಬಿಟ್ಟು ಪುಟ್ಟಿ ಪುಡಿಯಾಗಿ ಉದುರುತ್ತದೆ. ಕಬ್ಬಿಣದ ಕಿಟಕಿಸರಳು, ಬಾಗಿಲ ಪಟ್ಟಿಗಳಿಗಾದರೋ ಜಂಗನ್ನು ಪೂರ್ತಿ ಕೆರೆದು ಸಿಂಧೂರದ ಕೈಯೊಂದನ್ನು ಮೊದಲು ಕೊಡುವುದು ವಾಡಿಕೆಯಾಗಿತ್ತು. ಸೀಸದ ಈ ವಸ್ತು ವಿಷಕಾರಿಯೆಂದು ತಿಳಿದುದರಿಂದ ಈಗ ಬೇರೆ ಲೇಪಗಳು ಬಂದಿವೆ.

ಸುಣ್ಣವು ಎಲ್ಲ ಮನೆಗಳ ಗೋಡೆಯನ್ನೂ ಏರಿದುದರ ಹಿಂದೆ ಹಬ್ಬವಲ್ಲದ ಬೇರೊಂದು ಕಾರಣವೂ ಇದೆ. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು ಬೇಗನೆ ಬೆಳಗಾವಿ ಜಿಲ್ಲೆಗೂ ಹಬ್ಬಿತು. 1897ರಲ್ಲಿ ಸಾಂಕ್ರಾಮಿಕ ರೋಗಗಳ ಕಾಯಿದೆ ಬಂದಿತು. ರೋಗ ತಗುಲಿದ ಮನೆಗಳನ್ನು ತೆರವು ಮಾಡಿಸಿ, ತೊಳೆದು, ಗೋಡೆಗಳಿಗೆ ಸುಣ್ಣ ಹೊಡೆಯುವುದು ಮುಂಬಯಿ ಇಲಾಖೆಯ ಸರಕಾರ ಕೈಗೊಂಡ ಕ್ರಮಗಳಲ್ಲೊಂದಾಗಿತ್ತು. ಜನರು ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡು ತಿಂಗಳುಗಟ್ಟಲೆ ಇದ್ದುದು ಉತ್ತರ ಕರ್ನಾಟಕದ ಮನೆತನಗಳ ನೆನಪಿನಲ್ಲಿ ಬಹುಕಾಲ ಉಳಿದಿತ್ತು. ಅವಸರದಲ್ಲಿ ಹೊಡೆದ ಆ ಸುಣ್ಣದ ಕೆಳಗೆ ಎಷ್ಟು ಕಾರಣೆಗಳು, ಎಷ್ಟು ಚಿತ್ತಾರಗಳು ಮುಚ್ಚಿಹೋದವೋ ಬಲ್ಲವರಾರು! ಜೀವ ಉಳಿಸಿಕೊಳ್ಳುವ ಹೊತ್ತಿನಲ್ಲಿ ಅದನ್ನು ಎಣಿಸುವವರೂ ಇರಲಿಲ್ಲ.

ಅದೇ ಕಾಲದಲ್ಲಿ ರೈಲು ಬಂದಿತು. ಮೀರಜದಿಂದ ಉಗಾರ, ಕುಡಚಿ, ರಾಯಬಾಗಗಳನ್ನು ಹಾಯ್ದು ಬೆಳಗಾವಿಗೆ ಹೋಗುವ ಹಾದಿಯು ದೂರದ ಸರಕನ್ನು ಈ ಸೀಮೆಗೆ ಹತ್ತಿರ ಮಾಡಿತು. ಮೊದಲು ಮಂಗಳೂರು ಹೆಂಚು, ಆಮೇಲೆ ಡಬ್ಬಿಯ ಬಣ್ಣ, ಅನಂತರ ಶಹಾಬಾದ, ಬಾಗಲಕೋಟೆಗಳ ಸಿಮೆಂಟು. 1942ರಲ್ಲಿ ಮುಂಬಯಿಯಲ್ಲಿ ಸ್ಥಾಪಿತವಾದ ಏಶಿಯನ್ ಪೇಂಟ್ಸ್ ಸಂಸ್ಥೆಗೆ 1954ರಲ್ಲಿ ಆರ್. ಕೆ. ಲಕ್ಷ್ಮಣರು ಬರೆದುಕೊಟ್ಟ, ಕೈಯಲ್ಲಿ ಕುಂಚ ಹಿಡಿದ ತುಂಟ ಹುಡುಗ ‘ಗಟ್ಟು’ವಿನ ಚಿತ್ರವು ಕನ್ನಡನಾಡಿನ ಪೇಟೆ ಪೇಟೆಗಳ ಅಂಗಡಿಗಳಲ್ಲಿಯೂ ತೂಗಾಡಿತು. ಡಿಸ್ಟೆಂಪರು, ಸ್ನೋಸೆಮ್ ಎಂಬ ಮಾತುಗಳು ಹಳ್ಳಿಯ ನುಡಿಯಾದುವು. ಗೌಂಡಿಯ ಮಾತಿನಲ್ಲಿ ‘ಗಚ್ಚು’ ಹಿಂದೆ ಸರಿದು ಮರಾಠಿಯ ‘ಗಿಲಾವು’ ಮುಂದೆ ಬಂದಿತು. ಗಿಲಾವು ಎಂದರೆ ಈಗ ಸಿಮೆಂಟಿನದೇ.

ಹೊಸ ದ್ರವ್ಯಗಳನ್ನು ಹಳಿಯುವುದು ಸರಿಯಲ್ಲ. ಸಿಮೆಂಟಿನ ಗೋಡೆಗೆ ಸಿಮೆಂಟಿನ ಗಿಲಾವು ತಕ್ಕುದೇ. ಅದಕ್ಕೂ ತನ್ನದೇ ಆದ ನಿಯಮಗಳಿವೆ: ಹೊಸ ಗಿಲಾವಿಗೆ ದಿನವೂ ನೀರುಣಿಸಬೇಕು, ಅದು ಪೂರ್ತಿ ಒಣಗಿ ಕ್ಷಾರ ತಗ್ಗುವವರೆಗೆ, ಕಡಮೆಯೆಂದರೆ ನಾಲ್ಕು ವಾರ, ಬಣ್ಣವನ್ನು ತಡೆಯಬೇಕು. ತಪ್ಪಾಗುತ್ತಿರುವುದು ಬೇರೆಡೆ. ಮಣ್ಣಿನ ಗೋಡೆಗೂ ಗಚ್ಚಿನ ಗೋಡೆಗೂ ಸಾಗವಾನಿಯ ಕೆತ್ತನೆಗೂ ಒಂದೇ ಬಗೆಯ ಸಂಸ್ಕಾರ ಸಾಕೆಂಬ ಭಾವನೆ ಬೇರೂರಿದೆ. ಮಣ್ಣು ಮತ್ತು ಸುಣ್ಣದ ಗೋಡೆಗಳು ನೆಲದ ತೇವವನ್ನು ಹೀರಿ ಹೊರಗಿನ ಗಾಳಿಗೆ ಬಿಡುತ್ತಿರುತ್ತವೆ. ಅವುಗಳ ಮೈಗೆ ಸಿಮೆಂಟು ಬಳಿದು ಮೇಲೆ ಎಣ್ಣೆಬಣ್ಣ ಹಚ್ಚಿದರೆ ತೇವಕ್ಕೆ ಹೊರದಾರಿಯಿಲ್ಲವಾಗುತ್ತದೆ. ಅದು ಒಳಗೇ ನಿಂತು ಮಣ್ಣನ್ನು ಮೆದುವಾಗಿಸುತ್ತದೆ. ಹೊರಗಿನ ಗಟ್ಟಿ ಚಿಪ್ಪು ಹಾಗೆಯೇ ನಿಂತಿರುವುದರಿಂದ ಒಳಗಿನ ಹಾನಿ ಕಾಣುವುದಿಲ್ಲ. ಒಂದು ಮಳೆಗಾಲದಲ್ಲಿ ಚಿಪ್ಪು ಹಲಗೆಹಲಗೆಯಾಗಿ ಕಳಚಿ ಬೀಳುತ್ತದೆ, ಕೆಲವೊಮ್ಮೆ ಗೋಡೆಯೂ ಅದರೊಡನೆ ಬೀಳುತ್ತದೆ.

ಈ ಸೀಮೆಯಲ್ಲಿ ಇದು ವಿಶೇಷವಾಗಿ ಚಿಂತಿಸತಕ್ಕ ವಿಷಯವಾಗಿದೆ. ಕೃಷ್ಣೆಯ ನೀರಾವರಿಯಲ್ಲಿ ಕಬ್ಬು ಬೆಳೆಯುವ ಅಥಣಿ, ಕಾಗವಾಡ, ರಾಯಬಾಗಗಳ ಎಷ್ಟೋ ಹೊಲಗಳು ಸವಳು-ಜವಳಿಗೆ ತುತ್ತಾಗಿವೆ. ಹೊಲವನ್ನು ಕೆಡಿಸಿದ ಉಪ್ಪು ಗೋಡೆಯನ್ನು ಬಿಡುವುದಿಲ್ಲ. ತೇವದೊಡನೆ ಮೇಲೇರಿ, ಆರಿದಲ್ಲಿ ಬಿಳಿಯ ಹೂವಾಗಿ ಅರಳಿ, ಬಣ್ಣವನ್ನು ಒಳಗಿನಿಂದ ನೂಕುತ್ತದೆ. ಅದನ್ನು ನೀರಿನಿಂದ ತೊಳೆದರೆ ಉಪ್ಪು ಕರಗಿ ಮತ್ತೆ ಒಳಸೇರುತ್ತದೆ; ಒಣ ಕುಂಚದಿಂದ ಗುಡಿಸಿ ತೆಗೆಯಬೇಕು, ಗೋಡೆಗೆ ಗಾಳಿ ಬಿಡಬೇಕು. ಸುಣ್ಣದ ಪದರವಾದರೆ ಉಪ್ಪು ಅದರ ಮೂಲಕ ಹೊರಬಿದ್ದು ಪದರವಷ್ಟೇ ಉದುರುತ್ತದೆ. ಮರುವರುಷ ಮತ್ತೊಂದು ಕೈ ಕೊಟ್ಟರಾಯಿತು. ಬೀಳುವ ಪದರವನ್ನು ಅಗ್ಗದ್ದಾಗಿರಿಸಿ, ನಿಲ್ಲಬೇಕಾದ ಗೋಡೆಯನ್ನು ಕಾಪಾಡುವ ಜಾಣತನ ಹಳೆಯ ಪದ್ಧತಿಯಲ್ಲಿತ್ತು. 2005ರ ಹಾಗೂ 2019ರ ಆಗಸ್ಟ್ ತಿಂಗಳ ಮಹಾಪೂರಗಳಲ್ಲಿ ಕೃಷ್ಣೆ, ದೂಧಗಂಗಾ, ವೇದಗಂಗೆಗಳ ದಡದ ಊರುಗಳಿಗೆ ನೀರು ನುಗ್ಗಿ ಮಣ್ಣಿನ ಮನೆಗಳು ಕುಸಿದವು. ನಿಂತುಳಿದ ಗೋಡೆಗಳಿಗೆ ನೀರಿಳಿದ ಕೂಡಲೆ ಬಣ್ಣ ಹಚ್ಚಿ ಹೊಸದಾಗಿಸುವ ಆತುರವು ಸಹಜ. ಆದರೆ ದಪ್ಪನೆಯ ಗೋಡೆಯೊಂದು ಪೂರ್ತಿ ಆರಲು ತಿಂಗಳುಗಳೇ ಬೇಕು. ಅಷ್ಟರವರೆಗೆ ತಡೆಯದೆ ಹಚ್ಚಿದ ಬಣ್ಣವು ನೀರಿನ ಗುರುತನ್ನು ಮುಚ್ಚೀತೇ ಹೊರತು ನೀರನ್ನು ಹೊರಹಾಕದು.

ಜೀರ್ಣೋದ್ಧಾರದ ಹೆಸರಿನಲ್ಲಿ ನಡೆಯುವುದು ಇನ್ನೂ ಹೆಚ್ಚಿನ ಹಾನಿ. ಉತ್ತರ ಕರ್ನಾಟಕದ ಅರಮನೆ, ವಾಡೆ, ಮಠಗಳ ಗೋಡೆಗಳ ಮೇಲೆ ಪುರಾಣದ, ಬೇಟೆಯ, ಆಟಪಾಟಗಳ ಚಿತ್ರಗಳಿದ್ದುವೆಂದು ಹೇಳುವ ಕಲೇತಿಹಾಸಕಾರರು ನರಗುಂದ, ಮುಧೋಳ, ಸುರಪುರ, ಕಮತಗಿಗಳೊಡನೆ ನಿಪ್ಪಾಣಿಯ ಹೆಸರನ್ನೂ ಸೇರಿಸುತ್ತಾರೆ. ಅಂತಹ ಗೋಡೆಗಳನ್ನು ಹೊಸದಾಗಿಸುವಾಗ ತಂತಿಯ ಕುಂಚದಿಂದ ಹಳೆಯದನ್ನೆಲ್ಲ ಉಜ್ಜಿ ತೆಗೆಯುವುದೇ ಮೊದಲ ಕೆಲಸವೆಂದು ಇಂದಿನ ಗುತ್ತಿಗೆದಾರನು ತಿಳಿಯುತ್ತಾನೆ. ಹೊಸ ಬಣ್ಣಕ್ಕೆ ಹಿಡಿತ ಬೇಕೆಂಬುದು ಅವನ ದೃಷ್ಟಿಯಿಂದ ನ್ಯಾಯವೇ. ಆದರೆ ವರುಷಕ್ಕೊಂದರಂತೆ ಹಚ್ಚಿದ ಸುಣ್ಣದ ಪದರಗಳ ಅಡಿಯಲ್ಲಿ ಏನಿದೆಯೆಂಬುದನ್ನು ಅಂಗೈಯಗಲದಷ್ಟು ಜಾಗದಲ್ಲಿ ಮೊಂಡು ಚಾಕುವಿನಿಂದ ಪದರ ಪದರವಾಗಿ ಬಿಡಿಸಿ ನೋಡದೆ ಗೋಡೆಗೆ ಕೈ ಹಚ್ಚಬಾರದು. ಸುಣ್ಣವು ಮುಚ್ಚಿದುದನ್ನು ಕಾಪಾಡಿಯೂ ಇರುತ್ತದೆ. ತಂತಿಯ ಕುಂಚವು ಹಾಗಲ್ಲ. ಕಲ್ಲಿನ ಗುಡಿಗಳ ವಿಷಯವೂ ಹೀಗೆಯೇ. ಭಕ್ತಿಯಿಂದ ಹೊಡೆದ ಸುಣ್ಣದಲ್ಲಿ ಕೆತ್ತನೆಯ ಗೆರೆಗಳೂ ಶಾಸನಗಳ ಅಕ್ಷರಗಳೂ ತುಂಬಿಹೋಗಿ, ಶಾಸನ ಸಂಶೋಧಕರು ಓದುವುದಕ್ಕೆ ಮೊದಲು ತೊಳೆಯುವುದರಲ್ಲಿಯೇ ದಿನ ಕಳೆಯಬೇಕಾದುದುಂಟು. ಆ ಸುಣ್ಣವನ್ನಾದರೂ ತಾಳ್ಮೆಯಿಂದ ಬಿಡಿಸಬಹುದು. ಅದರ ಮೇಲೆ ಈಚೆಗೆ ಏರುತ್ತಿರುವ ಎಣ್ಣೆಬಣ್ಣವನ್ನು ತೆಗೆಯಹೊರಟರೆ ಕಲ್ಲಿನ ಮೈಯೂ ಅದರೊಡನೆ ಬರುತ್ತದೆ. ಸಾಗವಾನಿಯ ಚೌಕಟ್ಟುಗಳ ಹೂಬಳ್ಳಿಗಳಂತೂ ಹತ್ತಾರು ಕೈ ಎನಾಮಲಿನ ಕೆಳಗೆ ಮೊಂಡಾಗಿ ಗುರುತು ಸಿಕ್ಕದಂತಾಗಿವೆ.

ಗಚ್ಚಿನ ಕೆಲಸ ಬಲ್ಲ ಗೌಂಡಿಗಳು ಈಗ ವಿರಳ. ಬೇರೆಡೆಗಳಲ್ಲಿ ಪ್ರಾಚೀನ ಕಟ್ಟಡಗಳ ಸಂರಕ್ಷಣೆಗಾಗಿ ಸುಣ್ಣವನ್ನು ಮತ್ತೆ ಬೆಲ್ಲ ಅಳಲೆಕಾಯಿಗಳೊಡನೆ ಕೊಳೆಯಿಸಿ ಅರೆಯುವ ಪ್ರಯತ್ನಗಳು ನಡೆದಿವೆ. ಈ ಸೀಮೆಯ ಮಠಗಳೂ ವಾಡೆಗಳ ಒಡೆಯರೂ ಮನಸ್ಸು ಮಾಡಿದರೆ, ಉಳಿದ ಕೆಲವೇ ಹಿರಿಯ ಗೌಂಡಿಗಳಿಂದ ಹರಳಿನ ಆಯ್ಕೆ, ಭಟ್ಟಿಯ ಕಾವು, ಗಾರೆಯ ಹದಗಳನ್ನು ಕೇಳಿ ಬರೆದಿಡುವುದಕ್ಕೆ ಇನ್ನೂ ಅವಕಾಶವಿದೆ. ಗಾಣದ ಕಲ್ಲಿನ ಗಾಲಿಗಳಾದರೋ ದೂರ ಹೋಗಿಲ್ಲ. ಹಳೆಯ ಕೋಟೆ, ಗುಡಿಗಳ ಬಳಿ, ಕೆಲವು ಊರುಗಳ ಅಗಸಿಯ ಪಕ್ಕದಲ್ಲಿ ಅವು ಅರ್ಧ ನೆಲದಲ್ಲಿ ಹೂತು ಬಿದ್ದಿವೆ. ಸಂಜೆಯ ಹೊತ್ತು ಜನರು ಅವುಗಳ ಮೇಲೆ ಕುಳಿತು ಮಾತನಾಡುತ್ತಾರೆ.